ಚೆಂಡುಹೂವಿನ ಗಾಡಿಗೆ ಎಷ್ಟು ಅಗಲದ ಟಯರ್?

ಓಣಂ ಹತ್ತಿರವಾದಂತೆ ಗುಂಡ್ಲುಪೇಟೆಯ ಪಿಕಪ್‌ಗಳಿಗೆ ಪುರುಸೊತ್ತಿಲ್ಲ. ಹೋಗುವಾಗ ಹೊರೆ, ಬರುವಾಗ ಖಾಲಿ. ಇತ್ತ ಒಣ ಡಾಂಬರು, ಅತ್ತ ವಯನಾಡಿನ ಮಳೆ. ಅಗಲ ಟಯರ್ ಹಾಕಿಸಿದರೆ ಗಾಡಿ ರಸ್ತೆಗೆ ಕಚ್ಚಿಕೊಂಡು ನಿಲ್ಲುತ್ತದೆ ಎಂಬ ನಂಬಿಕೆ ಹುಡುಗರಲ್ಲಿ ಬಲವಾಗುತ್ತಿದೆ. ಈ ದಾರಿಯ ಮಟ್ಟಿಗೆ ಅದು ಅಪಾಯದ ನಂಬಿಕೆ.

ಬೆಳಗಿನ ಐದೂಮುಕ್ಕಾಲು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ ಮದ್ದೂರು ಚೆಕ್‌ಪೋಸ್ಟ್. ಗೇಟು ಇನ್ನೂ ಎತ್ತಿಲ್ಲ. ಹಿಂದೆ ಸಾಲುಗಟ್ಟಿ ನಿಂತ ಪಿಕಪ್‌ಗಳು, ಟಾರ್ಪಾಲಿನಡಿಯಿಂದ ಬರುವ ಚೆಂಡುಹೂವಿನ ಘಾಟು. ಒಂದು ಗಾಡಿಯಲ್ಲಿ ಹೂವಿನ ಮೂಟೆ ಕ್ಯಾಬಿನ್ನಿಗಿಂತ ಆಳೆತ್ತರ ಮೇಲೆದ್ದಿದೆ. ಅದರ ಹಿಂದಿನದರಲ್ಲಿ ಟೊಮೆಟೊ ಕ್ರೇಟು, ಅದರಾಚೆಯದರಲ್ಲಿ ಎಲೆಕೋಸು.

ಬಂಡೀಪುರದ ಕಾಡು ಹಾದುಹೋಗುವ ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡುವಂತಿಲ್ಲ. 2009ರಿಂದ ಜಾರಿಯಲ್ಲಿರುವ ನಿಯಮ. ಹಾಗಾಗಿ ಕೇರಳದ ಮಾರುಕಟ್ಟೆಗೆ ಮೊದಲು ಮುಟ್ಟಬೇಕೆನ್ನುವವರು ಇಲ್ಲಿ ಆರು ಗಂಟೆಗೆ ಕಾಯುತ್ತಾರೆ. ಟೀ ಮುಗಿಸಿದ ಚಾಲಕರು ಗಾಡಿಗೆ ಒಂದು ಸುತ್ತು ಬಂದು, ಹಗ್ಗ ಬಿಗಿದು, ಹಿಂದಿನ ಟಯರನ್ನು ಕಾಲಲ್ಲಿ ಒದ್ದು ನೋಡುತ್ತಾರೆ.

ಆ ಹಿಂದಿನ ಟಯರನ್ನು ನಾವೂ ಬಗ್ಗಿ ನೋಡಬೇಕು. ಹೊರೆಗೆ ಅದರ ಪಕ್ಕೆ ಉಬ್ಬಿದೆ. ಬಟನ್ ಸಂದಿಗಳಲ್ಲಿ ಹೊಲದ ಕೆಮ್ಮಣ್ಣು ಒಣಗಿ ಕೂತಿದೆ. ಧೂಳು ಒರೆಸಿದರೆ ಪಕ್ಕೆಯ ಮೇಲೆ ಅಕ್ಷರ, ಅಂಕಿ ಕಾಣುತ್ತವೆ. ಮುಂದಿನ ನೂರೈವತ್ತು ಕಿಲೋಮೀಟರ್‌ನಲ್ಲಿ ಈ ಗಾಡಿ ಹೇಗೆ ನಿಲ್ಲುತ್ತದೆ, ಹೇಗೆ ತಿರುಗುತ್ತದೆ, ಎಷ್ಟು ಹೊರುತ್ತದೆ ಎಂಬುದರ ಬಹುಪಾಲು ಅಲ್ಲೇ ಬರೆದಿದೆ.

ಗುಂಡ್ಲುಪೇಟೆ, ಚಾಮರಾಜನಗರಗಳ ರೈತರ ಸರಕು ಹೊರಗೆ ಹೋಗುವುದೇ ಇಂಥ ಚಕ್ರಗಳ ಮೇಲೆ. ಎರಡೂ ಊರುಗಳ ನಡುವಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಕೇರಳ, ತಮಿಳುನಾಡಿನ ವ್ಯಾಪಾರಿಗಳು ಬಂದು ಹೋಗುತ್ತಾರೆ. ಸಣ್ಣ ಈರುಳ್ಳಿ, ಟೊಮೆಟೊ, ಬೀಟ್‌ರೂಟ್, ಬಾಳೆ ಅಲ್ಲಿಂದ ಬೆಟ್ಟ ಹತ್ತಿ ಇಳಿಯುತ್ತವೆ. ದೊಡ್ಡ ಲಾರಿ ಒಳಗೆ ಬರಲಾಗದ ಹೊಲದ ಬದುವಿಗೂ ಪಿಕಪ್ ಬರುತ್ತದೆ. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂದ ಮೇಲೆ ಸಣ್ಣ ಹಿಡುವಳಿಯ ಮನೆಗಳಿಗೂ ಸ್ವಂತ ಗೂಡ್ಸ್ ಗಾಡಿಯ ಕನಸು ಹತ್ತಿರ ಬಂತು. ಬೊಲೆರೊ ಪಿಕಪ್ ಅಂತೂ ಇಲ್ಲಿನ ಊರೂರಿನ ಗಾಡಿ.

ಗಾಡಿ ಮನೆಗೆ ಬಂದ ಮೇಲೆ ಅದನ್ನು ಚೆಂದ ಮಾಡಬೇಕೆಂಬ ಆಸೆ ಸಹಜ. ಹೆಸರು ಬರೆಸುತ್ತಾರೆ, ದೇವರ ಚಿತ್ರ ಹಾಕಿಸುತ್ತಾರೆ. ಮೊದಲ ಜೊತೆ ಟಯರ್ ಸವೆಯುವ ಹೊತ್ತಿಗೆ ಇನ್ನೊಂದು ಆಸೆ ಹುಟ್ಟುತ್ತದೆ. ‘ಕಂಪನಿ ಟಯರ್ ಸಣ್ಣ ಆಯ್ತು, ಒಂದು ಸೈಜ್ ಅಗಲದ್ದು ಹಾಕಿಸಿಬಿಡು’ ಎಂದು ಜೊತೆಗಾರರು ಹೇಳುತ್ತಾರೆ. ಮೊಬೈಲಿನಲ್ಲಿ ಅಮೆರಿಕದ ಪಿಕಪ್‌ಗಳು ಕಾಣುತ್ತವೆ. ಅಲ್ಲಿನ ಫೋರ್ಡ್ ಎಫ್-150ಗೆ 275 ಮಿ.ಮೀ. ಅಗಲದ ಟಯರ್ ಮಾಮೂಲು. ನಮ್ಮ ಟಾಟಾ ಏಸ್‌ನದು 145, ದೋಸ್ತ್‌ನದು 185, ಬೊಲೆರೊ ಪಿಕಪ್‌ಗಳಲ್ಲಿ ಹಲವಕ್ಕೆ 215. ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ನಮ್ಮ ಗಾಡಿಗಳಿಗೆ ಕಂಪನಿಯವರು ಜಿಪುಣತನ ಮಾಡಿದಂತೆ ಕಾಣುತ್ತದೆ. ಆದರೆ ಈ ಅಂಕಿಗಳ ಹಿಂದೆ ಹೊರೆ, ರಿಮ್ಮು, ಬ್ರೇಕು, ಸ್ಟೀರಿಂಗ್ ಎಲ್ಲದರ ಲೆಕ್ಕವಿದೆ.

ಪಕ್ಕೆಯ ಬರಹ ಓದುವುದು ಹೀಗೆ

*215/75 R15 ಎಂದಿದ್ದರೆ 215 ಎನ್ನುವುದು ಟಯರಿನ ಅಗಲ, ಮಿಲಿಮೀಟರ್‌ನಲ್ಲಿ. ಪಕ್ಕೆಯಿಂದ ಪಕ್ಕೆಗೆ ಅಳೆದದ್ದು. ನೆಲಕ್ಕೆ ತಾಗುವ ಬಟನ್ ಭಾಗ ಇದಕ್ಕಿಂತ ಕಿರಿದು. 75 ಎಂದರೆ ಪಕ್ಕೆಯ ಎತ್ತರ ಅಗಲದ ಶೇ 75ರಷ್ಟು, ಅಂದರೆ ಸುಮಾರು 161 ಮಿ.ಮೀ. ‘ಆರ್’ ಎಂದರೆ ರೇಡಿಯಲ್. 15 ಎನ್ನುವುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಪಕ್ಕದಲ್ಲಿ 8ಪಿಆರ್ ಎಂಬಂಥ ಪ್ಲೈ ರೇಟಿಂಗ್ ಇರುತ್ತದೆ. ಅದರ ಹತ್ತಿರ ಹೊರೆಯ ಸಂಕೇತ: 86 ಎಂದರೆ 530 ಕೆ.ಜಿ., 100 ಎಂದರೆ 800, 106 ಎಂದರೆ 950, 108 ಎಂದರೆ 1,000 ಕೆ.ಜಿ. ಇದು ಒಂದೇ ಟಯರ್ ಹೊರಬಹುದಾದ ಗರಿಷ್ಠ ಭಾರ. ಕೊನೆಗೆ ನಾಲ್ಕಂಕಿಯ ತಯಾರಿಕೆಯ ಗುರುತು: 2324 ಎಂದರೆ 2024ರ 23ನೇ ವಾರ.*

ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲ ಅಂಕಿಯನ್ನಷ್ಟೇ ಕೇಳುತ್ತಾರೆ. ದೊಡ್ಡ ಎಡವಟ್ಟು ಶುರುವಾಗುವುದು ಅಲ್ಲೇ.

215/75 R15 ಎಂಬ ಅಳತೆಯ ಟಯರ್ ಜನ ಕೂರುವ ಬೊಲೆರೊಗೂ ಇದೆ, ಸರಕು ಹೊರುವ ಬೊಲೆರೊ ಪಿಕಪ್ಪಿಗೂ ಇದೆ. ಎರಡನ್ನೂ ಗೋಡೆಗೆ ಒರಗಿಸಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾರಿನ ಜಾತಿಯ ಟಯರಿನ ಹೊರೆ ಸಂಕೇತ 100, ಅಂದರೆ 800 ಕೆ.ಜಿ. ಅದೇ ಅಳತೆಯ, 8ಪಿಆರ್ ಬಲದ ಲೈಟ್ ಟ್ರಕ್ ಟಯರಿನದು 106ರವರೆಗೆ ಹೋಗುತ್ತದೆ, ಅಂದರೆ 950 ಕೆ.ಜಿ. ಅಗಲ ಅದೇ. ಒಳಗಿನ ಕಟ್ಟು ಬೇರೆ, ತಡೆಯುವ ಗಾಳಿಯ ಒತ್ತಡ ಬೇರೆ.

ಒಂದು ಲೆಕ್ಕ ಹಾಕೋಣ. ಹೊರೆ ಸಮೇತ ಮೂರು ಟನ್ ತೂಗುವ ಪಿಕಪ್ ಎನ್ನಿ. ಹೊರೆಯೆಲ್ಲ ಹಿಂದಿರುವುದರಿಂದ ಹಿಂದಿನ ಆಕ್ಸಲ್ ಮೇಲೆ ಸುಮಾರು 1,900 ಕೆ.ಜಿ. ಬೀಳಬಹುದು. ಟಯರ್ ಒಂದಕ್ಕೆ 950. ಸಂಕೇತ 106 ಇರುವ ಟಯರಿಗೆ ಇದು ಅಂಚಿನ ಭಾರ. 800 ಕೆ.ಜಿ.ಯ ಕಾರಿನ ಟಯರಿಗೆ 150 ಕೆ.ಜಿ. ಹೆಚ್ಚುವರಿ. ಈಗ ಇದೇ ಗಾಡಿಗೆ ‘ಅಗಲ ಹೆಚ್ಚಿದೆ, ಬಲವೂ ಹೆಚ್ಚು’ ಎಂದುಕೊಂಡು ಎಸ್‌ಯುವಿಗೆಂದು ಮಾಡಿದ 235ರ ಟಯರ್ ಹಾಕಿದರೆ? ಹೊರೆ ಸಂಕೇತ ನೋಡದೆ ಹಾಕಿದ್ದರೆ ಗಾಡಿ ದಪ್ಪ ಕಾಣುತ್ತದೆ, ಹೊರುವ ಶಕ್ತಿ ಮಾತ್ರ ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿಳಿದಿರಬಹುದು.

ಗುರುತು ಹಿಡಿಯಲು ಸುಲಭದ ದಾರಿಯೊಂದಿದೆ. ಐಎಸ್‌ಐ ಮುದ್ರೆಯ ಜೊತೆಗಿರುವ ಸಂಖ್ಯೆ ನೋಡಿ. ಐಎಸ್ 15633 ಎಂದಿದ್ದರೆ ಕಾರಿನ ಟಯರ್, ಐಎಸ್ 15636 ಎಂದಿದ್ದರೆ ಸರಕು ವಾಹನದ್ದು. ಪಿಕಪ್ಪಿಗೆ ಬೇಕಾದದ್ದು ಎರಡನೆಯದು. ಈ ಒಂದು ಅಂಕಿಯ ವ್ಯತ್ಯಾಸ ನೋಡಿಕೊಳ್ಳುವುದು ಅಗಲದ ಬಗ್ಗೆ ಅರ್ಧ ದಿನ ಚರ್ಚಿಸುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರೆ ಹೆಚ್ಚಿಸಬೇಕೆಂದಾಗ ಎಂಜಿನಿಯರುಗಳು ಏನು ಮಾಡಿದರು ಎಂಬುದನ್ನೂ ಗಮನಿಸಬೇಕು. 1986ರಲ್ಲಿ ಬಂದ ಟಾಟಾ 407 ಇಂದಿಗೂ ಚಾಮರಾಜನಗರದ ರಸ್ತೆಗಳಲ್ಲಿ ಓಡುತ್ತದೆ. ಅದರ ಹಿಂದೆ ಅಗಲದ ಒಂದೊಂದು ಟಯರಿಲ್ಲ, ಕಿರಿದಾದ ಜೋಡಿ ಟಯರುಗಳಿವೆ.

ಇನ್ನು ರಸ್ತೆಗೆ ಕಚ್ಚಿಕೊಳ್ಳುವ ಮಾತು. ಅಗಲ ಟಯರ್ ಎಂದರೆ ಹೆಚ್ಚು ರಬ್ಬರು ನೆಲಕ್ಕೆ ತಾಗುತ್ತದೆ, ಹಾಗಾಗಿ ಹಿಡಿತ ಹೆಚ್ಚು ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ಒಳಹೊಕ್ಕು ನೋಡಿದರೆ ಲೆಕ್ಕ ಬೇರೆ.

ಗಾಡಿಯನ್ನು ಹೊತ್ತಿರುವುದು ಟಯರಿನೊಳಗಿನ ಗಾಳಿ. ಟಯರಿನ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ, ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಸಿಗುತ್ತದೆ. ಪಕ್ಕೆಯ ಬಿಗಿತವೂ ಸ್ವಲ್ಪ ಹೊರುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ. 60 ಪಿಎಸ್‌ಐ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 4.2 ಕೆ.ಜಿ. ಒತ್ತಡ. 950 ಕೆ.ಜಿ. ಭಾರಕ್ಕೆ ತಾಗುವ ಜಾಗ ಸುಮಾರು 226 ಚದರ ಸೆಂ.ಮೀ. ಬೆರಳು ಸೇರಿಸಿ ಚಾಚಿದ ಒಂದೂವರೆ ಅಂಗೈಯಷ್ಟು. ಈ ಲೆಕ್ಕದಲ್ಲಿ ಟಯರಿನ ಅಗಲಕ್ಕೆ ಜಾಗವೇ ಇಲ್ಲ! ಅದೇ ಭಾರ, ಅದೇ ಗಾಳಿ ಇರುವವರೆಗೆ 215 ಹಾಕಿದರೂ 265 ಹಾಕಿದರೂ ತಾಗುವ ಜಾಗದ ವಿಸ್ತೀರ್ಣ ಹೆಚ್ಚೇನೂ ಬದಲಾಗದು.

ಬದಲಾಗುವುದು ಅದರ ಆಕಾರ. ಕಿರಿದಾದ ಟಯರಿನ ಹೆಜ್ಜೆ ಉದ್ದುದ್ದ, ಅಗಲ ಟಯರಿನದು ಅಡ್ಡಡ್ಡ. ಒಣ ರಸ್ತೆಯಲ್ಲಿ ಜೋರಾಗಿ ತಿರುವು ತೆಗೆಯುವ ಕಾರಿಗೆ ಅಡ್ಡ ಹೆಜ್ಜೆಯಿಂದ ಲಾಭವಿದೆ. ರೇಸು ಕಾರುಗಳಿಗೆ ಅಗಲ ಟಯರ್ ಇರುವುದಕ್ಕೆ ಕಾರಣಗಳಿವೆ. ಆದರೆ ಗುಂಡ್ಲುಪೇಟೆಯ ಪಿಕಪ್ ಓಡುವುದು ಬೇರೆ ಲೋಕದಲ್ಲಿ.

ಗುಂಡ್ಲುಪೇಟೆ ಮಳೆ ನೆರಳಿನ ಸೀಮೆ. ಶ್ರಾವಣದಲ್ಲೂ ಇಲ್ಲಿ ಎಷ್ಟೋ ದಿನ ರಸ್ತೆ ಒಣಗಿರುತ್ತದೆ. ಕಾಡು ದಾಟಿ ಮುತ್ತಂಗ, ಸುಲ್ತಾನ್ ಬತ್ತೇರಿ ಬರುವ ಹೊತ್ತಿಗೆ ವೈಪರ್ ಹಾಕಬೇಕಾಗುತ್ತದೆ. ಕಲ್ಪೆಟ್ಟ, ವೈತ್ತಿರಿ ದಾಟಿ ಲಕ್ಕಿಡಿಗೆ ಬಂದರೆ ಕೇರಳದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು. ಅಲ್ಲಿಂದ ತಾಮರಶ್ಶೇರಿ ಚುರಂ, ಒಂಬತ್ತು ಹೇರ್‌ಪಿನ್ ತಿರುವು ಇಳಿದು ಅಡಿವಾರಂ, ಮುಂದೆ ಕೋಳಿಕ್ಕೋಡ್. ಒಂದೇ ಟಯರ್ ಒಂದೇ ಬೆಳಗಿನಲ್ಲಿ ಎರಡು ಹವೆಗಳನ್ನು ನೋಡಬೇಕು.

ಕೋಳಿಕ್ಕೋಡಿನಲ್ಲಿ ಹೂವು ಇಳಿಸಿ ಮಧ್ಯಾಹ್ನ ಹೊರಡುವ ಗಾಡಿ ಬಹುತೇಕ ಖಾಲಿ. ರಾತ್ರಿ ಒಂಬತ್ತರೊಳಗೆ ಕಾಡು ದಾಟದಿದ್ದರೆ ಮುತ್ತಂಗದಲ್ಲೇ ರಾತ್ರಿ ಕಳೆಯಬೇಕು. ಹಾಗಾಗಿ ಅವಸರ. ನನ್ನ ಪ್ರಕಾರ ಈ ದಾರಿಯಲ್ಲಿ ಅತಿ ಅಪಾಯದ ಹೊತ್ತು ಇದೇ: ಮಳೆ, ಖಾಲಿ ಗಾಡಿ, ಹೊರೆಗೆಂದು ಹೊಡೆಸಿದ ಪೂರ್ತಿ ಗಾಳಿ, ಗಡಿಯಾರದ ಮೇಲಿನ ಕಣ್ಣು.

ಹಳೇ ಲೆಕ್ಕವನ್ನೇ ಖಾಲಿ ಗಾಡಿಗೆ ಹಾಕಿ. ಹಿಂದಿನ ಟಯರಿನ ಮೇಲಿನ ಭಾರ 950ರಿಂದ 350 ಕೆ.ಜಿ.ಗೆ ಇಳಿಯಿತು ಎನ್ನಿ. ಗಾಳಿ ಅದೇ 60. ನೆಲಕ್ಕೆ ತಾಗುವ ಜಾಗ 83 ಚದರ ಸೆಂ.ಮೀ.ಗೆ ಕುಗ್ಗಿತು. ಹೆಜ್ಜೆಯ ಅಗಲ 16 ಸೆಂ.ಮೀ. ಇದ್ದರೆ ಉದ್ದ ಬರೀ 5 ಸೆಂ.ಮೀ. ಹೊರೆ ಇದ್ದಾಗ ಅದೇ ಉದ್ದ 14 ಸೆಂ.ಮೀ. ಇತ್ತು. ಟಯರ್ ಅಗಲದ್ದಾಗಿ ಹೆಜ್ಜೆಯ ಅಗಲ 19ಕ್ಕೆ ಹೋದರೆ ಉದ್ದ 4.4ಕ್ಕೆ ಇಳಿಯುತ್ತದೆ. ನಿಂತ ನೀರಿನ ಮೇಲೆ ಓಡುವಾಗ ಟಯರ್ ಮುಂದಿನ ನೀರನ್ನು ಪಕ್ಕಕ್ಕೆ ತಳ್ಳಿ ಡಾಂಬರನ್ನು ಮುಟ್ಟಬೇಕು. ಅಡ್ಡ ಹೆಚ್ಚಿದಷ್ಟೂ ನಡುವಿನ ನೀರು ದೂರ ಸಾಗಬೇಕು. ಉದ್ದ ಕಡಿಮೆಯಾದಷ್ಟೂ ಅದಕ್ಕೆ ಸಿಗುವ ಸಮಯ ಕಡಿಮೆ. ನೀರು ಪಕ್ಕಕ್ಕೆ ಸರಿಯದಿದ್ದರೆ ಟಯರ್ ನೀರಿನ ಮೇಲೆಯೇ ತೇಲುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ.

ಇದನ್ನು ವಿಮಾನಗಳಿಗಾಗಿ ಅಧ್ಯಯನ ಮಾಡಿದವರು ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್. 1963ರಲ್ಲಿ ಅವರು ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಸೂತ್ರ ಟಯರ್ ತೇಲುವ ವೇಗವನ್ನು ಗಾಳಿಯ ಒತ್ತಡಕ್ಕೆ ಕಟ್ಟಿತು. ಅದರ ಪ್ರಕಾರ 36 ಪಿಎಸ್‌ಐ ಟಯರ್ ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ತೇಲುತ್ತದೆ, ಗಾಳಿ 25ಕ್ಕೆ ಇಳಿದಿದ್ದರೆ 83 ಕಿ.ಮೀ.ಗೇ ತೇಲುತ್ತದೆ. ಹಾಗಿದ್ದರೆ 60 ಪಿಎಸ್‌ಐ ಇರುವ ಸರಕು ಗಾಡಿಗೆ ಭಯವೇ ಇಲ್ಲವಲ್ಲ? ಆದರೆ ಖಾಲಿ ಟ್ರಕ್ಕುಗಳು ಮಳೆಯಲ್ಲಿ ಜಾರುವುದು ನಿಂತಿರಲಿಲ್ಲ. 1984ರಲ್ಲಿ ಹಾರ್ನ್ ಮತ್ತೆ ಇದೇ ವಿಷಯಕ್ಕೆ ಬಂದು, ಹೊರೆಯಿಲ್ಲದ ಟ್ರಕ್ಕಿನ ಟಯರಿನ ಹೆಜ್ಜೆ ಗಿಡ್ಡವಾಗಿ ಅಡ್ಡವಾಗುವುದರಿಂದ ಅದು ಹಳೆಯ ಸೂತ್ರ ಹೇಳಿದ್ದಕ್ಕಿಂತ ಕಡಿಮೆ ವೇಗದಲ್ಲೇ ತೇಲಬಹುದು ಎಂದು ತೋರಿಸಿದರು. ವಯನಾಡಿನ ಮಳೆಯಲ್ಲಿ ಖಾಲಿ ವಾಪಸಾಗುವ ನಮ್ಮ ಪಿಕಪ್ಪಿನ ಕಥೆ ಅದೇ.

ಚುರಂನ ತಿರುವುಗಳಲ್ಲಿ ವೇಗ ಇಪ್ಪತ್ತು, ಮೂವತ್ತು ಇರುವಾಗ ತೇಲುವ ಭಯ ಕಡಿಮೆ. ಅಲ್ಲಿ ತೊಂದರೆ ಕೊಡುವುದು ಎಣ್ಣೆ, ಕೆಸರು ಬೆರೆತ ತೆಳು ಪೊರೆ. ಅದನ್ನು ಸೀಳುವುದು ಒಳ್ಳೆಯ ರಬ್ಬರು, ಚೂಪು ಅಂಚಿನ ಬಟನ್. ತೇಲುವ ಅಪಾಯ ಇರುವುದು ಬತ್ತೇರಿ, ಕಲ್ಪೆಟ್ಟ ಕಡೆಯ ನೇರ ರಸ್ತೆಗಳಲ್ಲಿ, ಅವಸರದ ಸಂಜೆಗಳಲ್ಲಿ.

ಹೊರೆಗೆ ತಕ್ಕ ಗಾಳಿ ಎಂಬ ಮಾತು ಎಲ್ಲ ಪಂಕ್ಚರ್ ಅಂಗಡಿಯವರಿಗೂ ಗೊತ್ತು. ‘ಲೋಡಾ, ಖಾಲಿಯಾ ಅಣ್ಣ?’ ಎಂದು ಕೇಳಿಯೇ ಪೈಪು ಹಿಡಿಯುವವರಿದ್ದಾರೆ. ಚಾಲಕನ ಬಾಗಿಲ ಹತ್ತಿರದ ಚೀಟಿಯಲ್ಲಿ ಅಥವಾ ಕಂಪನಿಯ ಪುಸ್ತಕದಲ್ಲಿ ಹೊರೆಗೆ ಎಷ್ಟು, ಖಾಲಿಗೆ ಎಷ್ಟು ಎಂದಿರುತ್ತದೆ. ಕೇರಳದಲ್ಲಿ ಸರಕು ಇಳಿಸಿ ಹೊರಡುವಾಗ ಹಿಂದಿನ ಎರಡು ಟಯರುಗಳ ಗಾಳಿಯನ್ನು ಆ ಅಳತೆಗೆ ತರಲು ಐದು ನಿಮಿಷ ಸಾಕು. ಅಗಲ ಟಯರಿಗೆ ಹಾಕುವ ಸಾವಿರಾರು ರೂಪಾಯಿ ಕೊಡದ ಹಿಡಿತವನ್ನು ಆ ಐದು ನಿಮಿಷ ಕೊಡುತ್ತದೆ.

ಚಾಮರಾಜನಗರದಿಂದ ದಕ್ಷಿಣಕ್ಕೆ ಹೋಗುವವರ ಕಷ್ಟ ಇನ್ನೊಂದು ಬಗೆಯದು. ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದರೆ ಸತ್ಯಮಂಗಲ, ಆಚೆಗೆ ಅರಿಶಿನದ ದೊಡ್ಡ ಪೇಟೆ ಈರೋಡ್. ಹೂವಿನ ಹೊರೆ ಎತ್ತರ ಜಾಸ್ತಿ, ತೂಕ ಕಡಿಮೆ. ಅರಿಶಿನದ ಮೂಟೆ ಹಾಗಲ್ಲ, ಗಾಡಿ ತುಂಬಿದಂತೆ ಕಾಣುವ ಮೊದಲೇ ತೂಕ ಮುಗಿದಿರುತ್ತದೆ. ಈ ಇಳಿಜಾರಿನಲ್ಲಿ ಟಯರಿನ ಅಗಲಕ್ಕಿಂತ ಅದರ ಎತ್ತರ ತೊಂದರೆ ಕೊಡುತ್ತದೆ.

ಇದು ಹಲವರ ಗಮನಕ್ಕೆ ಬರುವುದಿಲ್ಲ. 215/75 R15 ತೆಗೆದು 235/75 R15 ಹಾಕಿದರೆ ಅಗಲ 20 ಮಿ.ಮೀ. ಹೆಚ್ಚಿತು ಎಂದಷ್ಟೇ ತಿಳಿಯುತ್ತೇವೆ. 75 ಎಂಬುದು ಅಗಲದ ಪಾಲು, ಹಾಗಾಗಿ ಪಕ್ಕೆಯೂ ಬೆಳೆಯಿತು. ಚಕ್ರದ ಒಟ್ಟು ಎತ್ತರ 704ರಿಂದ 734 ಮಿ.ಮೀ.ಗೆ ಏರಿತು. ಶೇ 4ಕ್ಕಿಂತ ಹೆಚ್ಚು. ಮೀಟರು 60 ತೋರಿಸುವಾಗ ಗಾಡಿ 62ಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಅದು ಸಣ್ಣ ವಿಷಯ. ಬ್ರೇಕು ಹಳೆಯದೇ, ಚಕ್ರ ದೊಡ್ಡದಾದಷ್ಟು ಅದೇ ಬ್ರೇಕು ನೆಲದ ಮೇಲೆ ಕೊಡುವ ತಡೆ ಕಡಿಮೆಯಾಗುತ್ತದೆ. ಗೇರಿನಲ್ಲಿ ಹಿಡಿದು ಇಳಿಸುವ ಎಂಜಿನ್ ತಡೆಯೂ ಅಷ್ಟೇ ಪಾಲು ಕುಗ್ಗುತ್ತದೆ. ಒಂದೂವರೆ ಟನ್ ಮೂಟೆ ಹೊತ್ತು 27 ತಿರುವು ಇಳಿಯುವವನಿಗೆ ಶೇ 4 ಎನ್ನುವುದು ಬಿಟ್ಟುಕೊಡುವ ಮಾತಲ್ಲ. ಹತ್ತುವಾಗ ಇದರ ಇನ್ನೊಂದು ಮುಖ: ಮೂರರಲ್ಲಿ ಹೋಗುತ್ತಿದ್ದ ತಿರುವಿಗೆ ಎರಡಕ್ಕೆ ಇಳಿಸಬೇಕಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ.

ಅಗಲ ಬೇಕೇ ಬೇಕು ಎನ್ನುವವರು ಎತ್ತರವನ್ನಾದರೂ ಕಾಯ್ದುಕೊಳ್ಳಬೇಕು. 235/70 R15ರ ಎತ್ತರ ಸುಮಾರು 710 ಮಿ.ಮೀ., ಮೂಲಕ್ಕಿಂತ ಶೇ 1ರಷ್ಟೂ ಹೆಚ್ಚಿಲ್ಲ. ಆದರೆ ಆ ಅಳತೆಯಲ್ಲಿ ಬೇಕಾದ ಹೊರೆ ಸಂಕೇತದ ಸರಕು ಟಯರ್ ಸಿಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಸಿಗದಿದ್ದರೆ ಹೊರೆ ಹೊರುವ ಗಾಡಿಯ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ರಿಮ್ಮಿನ ವಿಚಾರ ಚಿಕ್ಕದು, ಆದರೆ ಬಿಡುವಂತಿಲ್ಲ. ಪ್ರತಿ ಟಯರಿಗೂ ಇಂತಿಷ್ಟು ಅಗಲದ ರಿಮ್ ಎಂದು ನಿಗದಿಯಿದೆ. 215/75 R15ಕ್ಕೆ ಐದೂವರೆಯಿಂದ ಏಳು ಇಂಚು. 235/75ಕ್ಕೆ ಆರರಿಂದ ಎಂಟು. 265/70ಕ್ಕೆ ಏಳರಿಂದ ಒಂಬತ್ತು. ಆರಿಂಚಿನ ಕಂಪನಿ ರಿಮ್ಮಿಗೆ 265 ತುರುಕಿದರೆ ಟಯರಿನ ಬುಡ ಹಿಚುಕಿಕೊಂಡು ನೆತ್ತಿ ಉಬ್ಬುತ್ತದೆ. ನಡುವಿನ ಬಟನ್ ಮಾತ್ರ ಸವೆದು, ಅಂಚಿನದು ಹೊಸದಾಗೇ ಉಳಿಯುತ್ತದೆ. ಕೊಂಡ ಅಗಲ ನೆಲಕ್ಕೆ ತಾಗುವುದೇ ಇಲ್ಲ. ಅದಕ್ಕಾಗಿ ಅಗಲದ ಅಲಾಯ್ ಹಾಕಿಸಿ ಚಕ್ರವನ್ನು ಆಚೆಗೆ ತಳ್ಳಿದರೆ ವೀಲ್ ಬೇರಿಂಗಿಗೆ ಪೆಟ್ಟು, ಪವರ್ ಸ್ಟೀರಿಂಗ್ ಇಲ್ಲದ ಹಳೆ ಗಾಡಿಗಳಲ್ಲಿ ಭುಜಕ್ಕೆ ಪೆಟ್ಟು. ಪೂರ್ತಿ ತಿರುಗಿಸಿದಾಗ ಟಯರ್ ಒಳಮೈಗೆ ಉಜ್ಜುತ್ತದೆ. ಹೇರ್‌ಪಿನ್‌ಗಳಲ್ಲಿ ಬೇಕಾಗುವುದೇ ಆ ಪೂರ್ತಿ ತಿರುವು.

ಕಾನೂನಿನ ಕಣ್ಣಲ್ಲಿ ಟಯರ್

*ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ನಾಲ್ಕು ಚಕ್ರದ ಗಾಡಿಯ ಬಟನ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಆ ಟಯರ್ ರಸ್ತೆಗೆ ಯೋಗ್ಯವಲ್ಲ. ಬಟನ್‌ಗಳ ನಡುವಿನ ಕಾಲುವೆಗಳಲ್ಲಿ ಇರುವ ಸಣ್ಣ ಉಬ್ಬುಗಳು ಬಟನ್‌ಗೆ ಸಮವಾದರೆ ಅದೇ ಗುರುತು. ಮಿತಿಗಿಂತ ಹೆಚ್ಚು ಹೊರೆಗೆ 2019ರ ತಿದ್ದುಪಡಿ ಕಾಯ್ದೆ ನಿಗದಿಪಡಿಸಿದ ದಂಡ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೊಸ ವಿನ್ಯಾಸದ ಟಯರುಗಳು ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರರಲ್ಲೂ ಪಾಸಾಗಬೇಕೆಂಬ ನಿಯಮ 2022ರ ಅಕ್ಟೋಬರ್‌ನಿಂದ ಬಂದಿದೆ.*

ಸದ್ದಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ದೊಡ್ಡ ದೊಡ್ಡ ಬಟನ್ನಿನ ಅಗಲ ಟಯರ್ ಡಾಂಬರಿನ ಮೇಲೆ ಗೊರ್ ಎಂದು ಮೊರೆಯುತ್ತದೆ. ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದು ಪ್ರಾಣಿಗಳ ನೆಮ್ಮದಿಗಾಗಿ. ಹಗಲಲ್ಲಿ ಅವುಗಳ ಮನೆಯೊಳಗೆ ಹಾದುಹೋಗುವವರು ಕೆಸರಿನ ಟಯರಿನ ಮೊರೆತ ತರದಿರುವುದು ಒಳ್ಳೆಯದು. ರಸ್ತೆಗೆ ಜಿಂಕೆ ಹಾರಿದಾಗ, ತಿರುವಿನಲ್ಲಿ ಆನೆ ನಿಂತಿದ್ದಾಗ ತಕ್ಷಣ ನಿಲ್ಲಬೇಕಾದ ಗಾಡಿಗೆ ಡಾಂಬರನ್ನು ಮುಟ್ಟುವ ರಬ್ಬರು ಬೇಕು. ಬಟನ್‌ಗಳ ನಡುವೆ ಬೆರಳು ತೂರುವಷ್ಟು ಸಂದಿಯಿರುವ ಟಯರಿನಲ್ಲಿ ಅದು ಕಡಿಮೆ.

‘ಹೊಲಕ್ಕೆ ಇಳಿಸಬೇಕಲ್ಲ, ಅಗಲ ಇಲ್ಲದಿದ್ದರೆ ಹೂತು ಹೋಯ್ತದ’ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಮರಳಿನ ಮೇಲೆ, ಹಿಮದ ಮೇಲೆ ಅಗಲ ಟಯರ್ ನಿಜಕ್ಕೂ ಗೆಲ್ಲುತ್ತದೆ. 2007ರಲ್ಲಿ ಐಸ್‌ಲೆಂಡಿನ ಆರ್ಕ್ಟಿಕ್ ಟ್ರಕ್ಸ್‌ನವರು ಸಜ್ಜುಗೊಳಿಸಿದ ಟೊಯೊಟಾ ಹೈಲಕ್ಸ್ ಪಿಕಪ್ 38 ಇಂಚು ಎತ್ತರದ ದೈತ್ಯ ಟಯರುಗಳ ಮೇಲೆ ಉತ್ತರ ಕಾಂತೀಯ ಧ್ರುವದ ಕಡೆಗೆ ಹಿಮದ ಮೇಲೆ ಓಡಿತು. ಅಲ್ಲಿ ಗಾಳಿಯನ್ನು ತೀರಾ ಇಳಿಸಿ, ಹೆಜ್ಜೆಯನ್ನು ಹರಡಿ, ಹೂಳದೆ ತೇಲಬೇಕು. ಚಾಮರಾಜನಗರದ ಎರೆ ಮಣ್ಣಿನ ಹೊಲ ಹಾಗಲ್ಲ. ಮಳೆ ಬಿದ್ದರೆ ಅಂಟು ಜಿಡ್ಡಾಗುವುದು ಮೇಲ್ಪದರ. ಕೆಳಗೆ ಗಟ್ಟಿ ನೆಲ ಇರುವಲ್ಲಿ ಕಿರಿದಾದ ಟಯರ್ ಕೆಸರು ಸೀಳಿ ಅದನ್ನು ಮುಟ್ಟುತ್ತದೆ. ಅಗಲದ್ದು ಜಿಡ್ಡಿನ ಮೇಲೆ ಜಾರುತ್ತದೆ, ಮಣ್ಣನ್ನೂ ಹೆಚ್ಚು ಅಂಟಿಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದ ಲೆಕ್ಕ: ಹೊಲದಿಂದ ಡಾಂಬರಿಗೆ ಅರ್ಧ ಮೈಲಿ, ಡಾಂಬರಿನ ಮೇಲೆ ಇಡೀ ದಿನ. ಟಯರ್ ಕೊಳ್ಳಬೇಕಾದದ್ದು ಇಡೀ ದಿನದ ದಾರಿಗೆ.

ಹೊರೆ ಹೊರದ ಪಿಕಪ್‌ಗಳೂ ಈಗ ಇವೆ. ಮೈಸೂರು, ಬೆಂಗಳೂರಿನಿಂದ ಊಟಿ ಕಡೆಗೆ ಹೋಗುವ ಹೈಲಕ್ಸ್‌ಗಳು, ಇಸುಜು ವಿ-ಕ್ರಾಸ್‌ಗಳು ವಾರಾಂತ್ಯದಲ್ಲಿ ಗುಂಡ್ಲುಪೇಟೆ ದಾಟುತ್ತವೆ. ಇವುಗಳಿಗೆ ಕಂಪನಿಯೇ 255, 265 ಮಿ.ಮೀ. ಕೊಟ್ಟಿದೆ. ಗಾಡಿಯ ತೂಕ, ರಿಮ್ಮು, ಬ್ರೇಕು ಎಲ್ಲವೂ ಅದಕ್ಕೆ ಹೊಂದುವಂತಿವೆ. ಇವಕ್ಕೂ ಇನ್ನೊಂದು ಮೆಟ್ಟಿಲು ಅಗಲ ಏರಿಸುವವರಿದ್ದಾರೆ. ಮಸಿನಗುಡಿ ದಾಟಿ ಕಲ್ಹಟ್ಟಿಯ 36 ತಿರುವುಗಳ ಕಡಿದಾದ ಘಾಟಿಯನ್ನು ನೋಡಿದವರು ಆ ಹಣವನ್ನು ಒದ್ದೆ ರಸ್ತೆಗೆ ಒಳ್ಳೆಯ ರಬ್ಬರಿಗೆ ಹಾಕುವುದು ಲೇಸು. ಅದೇ ಅಗಲದಲ್ಲಿ ಉತ್ತಮ ದರ್ಜೆಯ ಟಯರು ಸಿಗುತ್ತದೆ.

ಟಯರಿನ ವಿದ್ಯೆ ಈ ಸೀಮೆಗೆ ದೂರದ್ದೇನಲ್ಲ. ಗುಂಡ್ಲುಪೇಟೆಯಿಂದ ಸುಮಾರು 60 ಕಿ.ಮೀ. ದೂರದ ಮೈಸೂರಿನ ಮೇಟಗಳ್ಳಿಯಲ್ಲಿ ವಿಕ್ರಾಂತ್ ಟಯರ್ಸ್ ಇತ್ತು. 1997ರಲ್ಲಿ ಅದು ಜೆ.ಕೆ. ಟಯರ್ ಕೈಗೆ ಹೋಯಿತು. ಆ ಸಂಸ್ಥೆಯ ಟಯರ್ ಸಂಶೋಧನಾ ಕೇಂದ್ರವೂ ಮೈಸೂರಿನಲ್ಲೇ ಇದೆ. ‘ವಿಕ್ರಾಂತ್’ ಎಂಬ ಹೆಸರು ಹಳೆಯ ಲಾರಿ ಚಾಲಕರ ಬಾಯಲ್ಲಿ ಈಗಲೂ ಬರುತ್ತದೆ. ನೈಲಾನ್ ಟಯರಿನಿಂದ ರೇಡಿಯಲ್‌ಗೆ ಬದಲಾದ ಕಾಲವನ್ನು ಕಂಡವರು ಅವರು. ಅಂದಿನ ಆ ಬದಲಾವಣೆ ಹಿಡಿತಕ್ಕೆ, ಬಾಳಿಕೆಗೆ ಕೊಟ್ಟ ಲಾಭದ ಮುಂದೆ ಒಂದು ಸೈಜ್ ಅಗಲ ಹೆಚ್ಚಿಸುವುದು ಏನೂ ಅಲ್ಲ.

ಹಾಗಿದ್ದರೆ ಹೊಸ ಟಯರ್ ಕೊಳ್ಳಲು ಹೋದವರು ಏನು ಕೇಳಬೇಕು? ಮೊದಲು ಬಾಗಿಲ ಚೀಟಿಯ ಅಳತೆಯ ಫೋಟೊ ತೆಗೆದುಕೊಂಡು ಹೋಗಿ. ಅದೇ ಅಗಲ, ಅದೇ ಎತ್ತರ, ಪ್ಲೈ ರೇಟಿಂಗ್ ಮತ್ತು ಹೊರೆ ಸಂಕೇತ ಅಷ್ಟೇ ಅಥವಾ ಹೆಚ್ಚು. ಆಮೇಲೆ ಐಎಸ್ 15636. ಆಮೇಲೆ ತಯಾರಿಕೆಯ ವಾರ. ವರ್ಷಗಟ್ಟಲೆ ಅಂಗಡಿಯ ಅಟ್ಟದ ಮೇಲಿದ್ದ ಟಯರ್ ಬಟನ್ ತುಂಬಿದ್ದರೂ ರಬ್ಬರು ಗಡುಸಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ರೀಸೋಲ್ ಮಾಡಿಸಿದ ಟಯರನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ. ಎರಡೇ ಹೊಸ ಟಯರ್ ಕೊಳ್ಳುವ ಶಕ್ತಿ ಇದ್ದರೆ ಅವನ್ನು ಹಿಂದಕ್ಕೆ ಹಾಕಿಸುವುದು ಮಳೆಯ ದಾರಿಗೆ ಕ್ಷೇಮ. ಮುಂದಿನದು ಜಾರಿದರೆ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ, ವೇಗ ಇಳಿಸಿ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ಖಾಲಿ ಪಿಕಪ್ ಗರಗರ ತಿರುಗಿಬಿಡುತ್ತದೆ.

ಇಷ್ಟಾದ ಮೇಲೂ ಅಗಲದ್ದೇ ಹಾಕಿಸುತ್ತೇನೆ ಎನ್ನುವವರು ಐದನೆಯ ಚಕ್ರದ ಬಗ್ಗೆ ಯೋಚಿಸಿರಬೇಕು. ನಾಲ್ಕಕ್ಕೂ 235 ಹಾಕಿಸಿ ಸ್ಟೆಪ್ನಿಯಲ್ಲಿ ಹಳೇ 215 ಬಿಟ್ಟುಕೊಂಡ ಗಾಡಿಗಳು ಬೇಕಾದಷ್ಟಿವೆ. ಹಿಂದಿನ ಟಯರ್ ಪಂಕ್ಚರ್ ಆದ ದಿನ ಒಂದು ಕಡೆ 734, ಇನ್ನೊಂದು ಕಡೆ 704 ಮಿ.ಮೀ. ಎತ್ತರದ ಚಕ್ರ. ನೇರ ರಸ್ತೆಯಲ್ಲೂ ಒಂದು ಚಕ್ರ ಇನ್ನೊಂದಕ್ಕಿಂತ ಜೋರಾಗಿ ಸುತ್ತಬೇಕು, ಡಿಫರೆನ್ಷಿಯಲ್ ಗೇರುಗಳು ಬಿಡುವಿಲ್ಲದೆ ತಿಕ್ಕಾಡುತ್ತವೆ. ಬ್ರೇಕು ಒತ್ತಿದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ. ಹೊರೆ ಸಮೇತ ಚುರಂನ ಒಂಬತ್ತು ತಿರುವುಗಳ ನಡುವೆ ಹಾಗಾದರೆ ಹತ್ತಿರದಲ್ಲಿ ಟಯರ್ ಅಂಗಡಿಯಿಲ್ಲ. ಹಿಂದೆ ಬಸ್ಸುಗಳ ಹಾರ್ನು, ಮಳೆ, ಬಾಡುತ್ತಿರುವ ಹೂವು. ಅಳತೆ ಬದಲಿಸುವುದಿದ್ದರೆ ಐದೂ ಟಯರಿನ ಹಣ ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕು.